ಮೂರನೆಯವರ ವಿಮೆ

ಅಚ್ಚಿನ ಮೊಳೆ ಜೋಡಿಸುವವನಿಗೆ ಓದುವ ಚಟ ಇದ್ದೇ ಇರುತ್ತದೆಂದು ಜನ ತಿಳಿದಿದ್ದಾರೆ. ನಿಮ್ಮ ಮುಂದೆ ಮುಚ್ಚಿಡುವುದೇನು, ದಾವಣಗೆರೆಯ ಮಂಡಿಪೇಟೆಯ ಪಕ್ಕದ ಓಣಿಯಲ್ಲಿ ಇಪ್ಪತ್ತು ವರ್ಷ ಅಚ್ಚುಕೂಟ ನಡೆಸಿದವನಾದರೂ ನಾನು ಅಕ್ಷರಗಳನ್ನು ನೋಡುತ್ತೇನೆಯೇ ಹೊರತು ಓದುವುದಿಲ್ಲ. ಲಗ್ನಪತ್ರಿಕೆಯಲ್ಲಿ ಒಂದು ಒತ್ತಕ್ಷರ ಬಿದ್ದುಹೋಗಿದ್ದರೆ ಹತ್ತು ಮಾರು ದೂರದಿಂದಲೇ ಗೊತ್ತಾಗುತ್ತದೆ. ಮದುವೆ ಯಾರದು ಎಂಬುದು ಮಾತ್ರ ಊಟಕ್ಕೆ ಕೂತಾಗಲೇ ತಿಳಿಯುವುದು. ಇಂಥ ನಾನು ಜೀವನದಲ್ಲಿ ಒಂದೇ ಒಂದು ಕಾಗದವನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಬೇಕಾಗಿತ್ತು. ಅದನ್ನೂ ಓದಲಿಲ್ಲ. ಅದು ನನ್ನ ಕಾರಿನ ವಿಮೆಯ ಕಾಗದ.

ಕಾರು ಬಂದದ್ದೇ ಒಂದು ಆಕಸ್ಮಿಕ. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮಲ್ಲಿ ರಸೀದಿ ಪುಸ್ತಕ ಅಚ್ಚು ಹಾಕಿಸುತ್ತಿದ್ದ ಒಂದು ಹತ್ತಿ ಗಿರಣಿಯ ಮ್ಯಾನೇಜರರಿಗೆ ಬೊಂಬಾಯಿಗೆ ವರ್ಗವಾಯಿತು. ಹೋಗುವಾಗ ಅವರು ತಮ್ಮ ಹಳೆಯ ಲ್ಯಾಂಡ್‌ಮಾಸ್ಟರ್ ಕಾರನ್ನು ಯಾರಾದರೂ ಒಳ್ಳೆಯವರ ಕೈಗೆ ಕೊಡಬೇಕೆಂದು ಹುಡುಕಿದರು. ಒಳ್ಳೆಯವರು ಸಿಗದೆ ನನಗೆ ಕೊಟ್ಟರು. ನನ್ನ ಹೆಂಡತಿ ಗಿರಿಜಾ ಅದರ ಸುತ್ತ ಒಂದು ಸುತ್ತು ಬಂದು, “ಇದು ನಿಲ್ಲೋದು ಹೆಂಗೆ ಅಂತ ಮೊದ್ಲು ಕಲೀರಿ. ಓಡೋದು ಆಮ್ಯಾಲೆ ನೋಡಾಣ,” ಎಂದಳು. ನಾನು ತಿಂಗಳೊಪ್ಪತ್ತು ಕಷ್ಟಪಟ್ಟು ಎರಡನ್ನೂ ಕಲಿತೆ. ಹಿಂದಕ್ಕೆ ಬಿಡುವುದನ್ನು ಮಾತ್ರ ಯಾರೂ ಸರಿಯಾಗಿ ಹೇಳಿಕೊಡಲಿಲ್ಲ. ಮುಂದೆ ಹೋಗುವವನಿಗೆ ಅದರ ಅವಶ್ಯಕತೆ ಬೀಳುವುದಿಲ್ಲವೆಂದು ನಾನೂ ಕೇಳಲಿಲ್ಲ.

ಕಾರು ಬಂದ ಮೂರನೆಯ ದಿನವೇ ವಿಮೆಯ ಏಜೆಂಟರು ಬಂದರು. ಹೆಸರು ಗುರುಪಾದಪ್ಪ. ಬೇಸಗೆಯಲ್ಲೂ ಕೋಟು, ಕಂಕುಳಲ್ಲಿ ಚರ್ಮದ ಚೀಲ, ಮುಖದಲ್ಲಿ ಯಾರ ಮನೆಗೋ ಸಾವಿನ ಸುದ್ದಿ ತಂದವರ ಗಾಂಭೀರ್ಯ. ಕಾನೂನಿನ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ ಎಂದು ಹೇಳಿದರು. ಅದು ಯಾರು ಥರ್ಡ್ ಪಾರ್ಟಿ ಎಂದು ಕೇಳಿದೆ.

“ನೋಡ್ರಿ ರುದ್ರಪ್ಪಾರೇ,” ಎಂದರು. “ಒಂದನೇರು ನೀವು. ಎರಡನೇರು ನಮ್ ಕಂಪನಿ. ಮೂರನೇರು ಯಾರು ಅಂತ ಈಗ್ಲೇ ಹೇಳಾಕ ಬರಂಗಿಲ್ಲ. ನೀವು ಬಡಿದಾಗ ಗೊತ್ತಾಗತೈತೆ.”

ಈ ಮೂರನೆಯವರ ವಿಚಾರ ನನ್ನನ್ನು ಬಹಳ ದಿನ ಕಾಡಿತು. ಎಲ್ಲೋ ಒಬ್ಬರು ತಮ್ಮ ಪಾಡಿಗೆ ತಾವು ಚಹಾ ಕುಡಿಯುತ್ತಲೋ ಜಗಲಿ ಸಾರಿಸುತ್ತಲೋ ಇದ್ದಾರೆ. ಅವರ ಹೆಸರನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬರೆದ ಒಂದು ಕರಾರು ಆಗಲೇ ಸಿದ್ಧವಾಗಿದೆ. ಅದರ ಗಂಧಗಾಳಿಯೂ ಅವರಿಗಿಲ್ಲ. ಅವರ ಕೈಕಾಲುಗಳ ಮೇಲೆ ನಾನೂ ಒಂದು ಕಂಪನಿಯೂ ಒಪ್ಪಂದ ಮಾಡಿಕೊಳ್ಳುತ್ತಿದ್ದೇವೆ. ಮದುವೆಯಲ್ಲಾದರೂ ಹೆಣ್ಣಿನ ಕಡೆಯವರನ್ನು ಒಂದು ಮಾತು ಕೇಳುತ್ತಾರೆ.

ಗುರುಪಾದಪ್ಪನವರ ಚೀಲದಲ್ಲಿ ಮೂರು ತರದ ಪಾಲಿಸಿಗಳಿದ್ದವು. ಮೊದಲನೆಯದು ಕಾನೂನು ಕೇಳುವಷ್ಟು ಮಾತ್ರ. ಅದಕ್ಕೆ ಆಕ್ಟ್ ಪಾಲಿಸಿ ಎಂದು ಹೆಸರು. ಎರಡನೆಯದು ಅದರ ಜೊತೆಗೆ ಪರರ ಆಸ್ತಿಪಾಸ್ತಿಗೆ ಆಗುವ ನಷ್ಟವನ್ನೂ ತುಂಬಿಕೊಡುವುದು. ಮೂರನೆಯದು ಇವೆಲ್ಲದರ ಜೊತೆಗೆ ನನ್ನ ಸ್ವಂತ ಕಾರನ್ನೂ ಕಾಯುವುದು. ಯಾವುದು ಸಾಕಾಗುತ್ತದೆ ಎಂದು ಕೇಳಿದರೆ ಗುರುಪಾದಪ್ಪನವರು ನನ್ನ ಮುಖವನ್ನು ನೋಡಿ, “ಅದು ನೀವು ಏನಕ್ಕ ಬಡೀತೀರಿ ಅನ್ನೋದ್ರ ಮ್ಯಾಲೆ,” ಎಂದರು. ನ್ಯಾಯವಾದ ಉತ್ತರ. ಆದರೆ ಏನಕ್ಕೆ ಬಡಿಯಬೇಕೆಂದು ನಾನಿನ್ನೂ ನಿರ್ಧರಿಸಿರಲಿಲ್ಲ.

ಹಾಗಾಗಿ ಒಂದು ಸಂಜೆ ಊರೊಳಗೆ ನಡೆದುಕೊಂಡು ಹೊರಟೆ, ಬಡಿಯಬಹುದಾದ ವಸ್ತುಗಳನ್ನು ನೋಡಿಕೊಂಡು ಬರಲು. ನಮ್ಮ ಊರನ್ನು ಆವರೆಗೆ ಆ ಕಣ್ಣಿನಿಂದ ನೋಡಿರಲಿಲ್ಲ. ಚೌಕಿಪೇಟೆಯ ತಿರುವಿನಲ್ಲಿ ಹತ್ತಿಯ ಅಂಡಿಗೆ ಹೇರಿದ ಗಾಡಿಯೊಂದು ನಿಂತಿತ್ತು. ಇದು ದುಬಾರಿ, ಅದರಲ್ಲೂ ಬೆಂಕಿ ಹತ್ತಿದರೆ. ಮುನ್ಸಿಪಾಲಿಟಿಯ ದೀಪದ ಕಂಬ. ದೀಪ ಹೇಗೂ ಉರಿಯುತ್ತಿರಲಿಲ್ಲ, ಕಂಬದ ಬೆಲೆ ಮಾತ್ರ ಹಿಡಿಯಬಹುದು. ಮಂಡಕ್ಕಿ ಭಟ್ಟಿಯ ಮುಂದೆ ಒಟ್ಟಿದ ಚೀಲಗಳು ಅಗ್ಗ, ಕಾರಿಗೂ ಮೆತ್ತಗೆ. ದೋಸೆಯ ಹೋಟೆಲಿನ ಗಾಜಿನ ಬೀರು ಮಧ್ಯಮ. ಎದುರಿಗೆ ಒಬ್ಬ ದೊಡ್ಡ ಹತ್ತಿ ವ್ಯಾಪಾರಿ ಬಂದು ನಮಸ್ಕಾರ ಮಾಡಿದರು. ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಕೈಲಾಗುವ ಬಾಬತ್ತಲ್ಲವೆಂದು ಮನಸ್ಸಿನಲ್ಲೇ ಹೊಡೆದುಹಾಕಿದೆ. ಯಾಕೆ ಹಾಗೆ ನೋಡುತ್ತೀರೆಂದು ಅವರು ಕೇಳಿದರು. ಅಂಗಿ ಚೆನ್ನಾಗಿದೆ ಎಂದೆ.

ಸ್ನೇಹಿತರನ್ನು ಕೇಳಿದ್ದು ಇನ್ನೊಂದು ತಪ್ಪು. ಹತ್ತಿ ದಲಾಲಿ ಮಾಡುತ್ತಿದ್ದ ಶಿವಲಿಂಗಪ್ಪ ನನ್ನ ಬಾಲ್ಯದ ಗೆಳೆಯ. “ದೊಡ್ಡ ಪಾಲಿಸಿ ತಗಂಡ್ರೆ ಯಾರ ಮುಂದೂ ಬಾಯಿ ಬಿಡಬ್ಯಾಡ. ಗೊತ್ತಾತು ಅಂದ್ರ ಅರ್ಧ ಊರು ನಿನ್ ಕಾರಿಗೆ ಅಡ್ಡ ಬರತೈತೆ,” ಎಂದ. ಗಿರಿಜಾ ಮಾತ್ರ ಇಡೀ ವಿಚಾರಕ್ಕೇ ವಿರುದ್ಧವಾಗಿದ್ದಳು. “ಯಾರಿಗೂ ಬಡೀಬ್ಯಾಡ್ರಿ. ಅದಕ್ಕೇನು ರೊಕ್ಕ ಕೊಡಬೇಕಾಗಿಲ್ಲ,” ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು.

ನನ್ನ ಅಚ್ಚುಕೂಟದಲ್ಲಿ ಪಂಚಾಂಗದ ಕರಡು ತಿದ್ದಲು ಬರುತ್ತಿದ್ದ ಸಂಸ್ಕೃತ ಪಂಡಿತರಿಗೆ ಇಂಥ ಪ್ರಶ್ನೆಗಳೆಂದರೆ ಹಬ್ಬ. ನಮ್ಮ ಹಿಂದಿನ ಧರ್ಮಶಾಸ್ತ್ರಕಾರರು ಗಾಡಿಯ ಅಪಘಾತವನ್ನು ಬಿಟ್ಟವರಲ್ಲ ಎಂದು ಅವರು ಮೂಗಿಗೆ ನಶ್ಯ ಏರಿಸಿಕೊಂಡು ವಿವರಿಸಿದರು. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ, ಗಾಡಿ ಅಡ್ಡಕ್ಕೋ ಹಿಂದಕ್ಕೋ ತಾನಾಗಿ ಸರಿದರೆ ಹೊಡೆಯುವವನ ತಪ್ಪಿಲ್ಲವಂತೆ. ಎಲ್ಲಕ್ಕಿಂತ ಮುಖ್ಯವಾಗಿ, ದಾರಿ ಬಿಡಿ ಎಂದು ಅವನು ಮೊದಲೇ ಕೂಗಿದ್ದರೆ ಆಮೇಲೆ ಆದದ್ದಕ್ಕೆ ದಂಡವಿಲ್ಲವಂತೆ. ನಮ್ಮ ಬಸ್ಸಿನ ಡ್ರೈವರುಗಳು ಊರು ಮುಟ್ಟುವವರೆಗೂ ಹಾರನ್ನಿನ ಮೇಲಿನ ಕೈ ತೆಗೆಯದಿರುವುದು ಎಷ್ಟು ಪುರಾತನವಾದ ಧರ್ಮಪಾಲನೆ ಎಂದು ನನಗೆ ಅವತ್ತು ಅರ್ಥವಾಯಿತು.

ಕಡೆಗೆ ಎಲ್ಲಕ್ಕಿಂತ ದೊಡ್ಡ ಪಾಲಿಸಿಯನ್ನೇ ತೆಗೆದುಕೊಂಡೆ. ಇದರಲ್ಲಿ ಉದಾರತೆ ಏನೂ ಇಲ್ಲ. ಪುಕ್ಕಲರು ಯಾವಾಗಲೂ ದೊಡ್ಡದನ್ನೇ ಕೊಳ್ಳುತ್ತಾರೆ. ಕಾಗದ ಬಂದಾಗ ಅದರ ಬೆನ್ನಿಗಿದ್ದ ಸಣ್ಣ ಅಕ್ಷರದ ಷರತ್ತುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಮೊಳೆ ಹೊಸದು, ಸಾಲು ಸಮ, ಮಸಿ ಎಲ್ಲೂ ಹರಡಿಲ್ಲ. ಬಹಳ ಸಂತೋಷವಾಯಿತು. ಮಡಿಸಿ ಪೆಟ್ಟಿಗೆಯಲ್ಲಿಟ್ಟೆ.

ಮೂರನೆಯವರು ಯಾರು ಎಂಬುದು ಎಂಟು ತಿಂಗಳಿಗೆ ತಿಳಿಯಿತು. ಹರಿಹರಕ್ಕೆ ಲಗ್ನಪತ್ರಿಕೆಯ ಕಟ್ಟುಗಳನ್ನು ಕೊಡಲು ಹೋಗಿದ್ದೆ. ಕೊಟ್ಟು, ಪೇಟೆಯ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯದ ಊಟ ಮಾಡಿ, ಕಾರಿನಲ್ಲಿ ಕೂತೆ. ಬಾಯಿ ತುಂಬ ಎಲೆಯಡಿಕೆ. ಇನ್ನೊಂದು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಲೇ, ಹಿಂದೆ ತಿರುಗಿ ನೋಡದೆ, ಹಾರನ್ನು ಒತ್ತದೆ ಕಾರನ್ನು ಹಿಂದಕ್ಕೆ ಬಿಟ್ಟೆ. ಪಂಡಿತರು ಹೇಳಿದ ಗಾಡಿ ತಾನಾಗಿ ಸರಿಯುವಂಥದು. ನನ್ನದು ತಾನಾಗಿ ಸರಿಯಲಿಲ್ಲ, ನಾನು ಸರಿಸಿದೆ.

ಒಂದು ಹೆಣ್ಣುದನಿ ಕೇಳಿತು. ಇಳಿದು ನೋಡಿದರೆ ರಸ್ತೆಯ ತುಂಬ ರೊಟ್ಟಿ. ಅವುಗಳ ನಡುವೆ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಹೆಸರು ಸಿದ್ದಮ್ಮ. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ಖಾನಾವಳಿಗೆ ದಿನಕ್ಕೆರಡು ಹೊತ್ತು ರೊಟ್ಟಿ ಬಡಿದು ತಂದುಕೊಡುವವಳು. ನಾನು ಆಗಷ್ಟೇ ತಿಂದು ಎದ್ದದ್ದು ಅದೇ ಕೈಯ ರೊಟ್ಟಿಯನ್ನು. ಜನ ಸೇರಿದರು. ಆಕೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಬಲಗೈಯ ಮಣಿಕಟ್ಟು ಮುರಿದಿತ್ತು. ಇಷ್ಟೆಲ್ಲ ಆಗುವಾಗಲೂ ನನ್ನ ಬಾಯಲ್ಲಿ ಎಲೆಯಡಿಕೆ ಹಾಗೇ ಇತ್ತು, ಉಗುಳುವುದು ತೋಚಲಿಲ್ಲ. ನಾನು ಒಂದೇ ಒಂದು ಮಾತನ್ನೂ ಆಡಲಿಲ್ಲ.

“ಭೇಷ್ ಆತು!” ಎಂದರು ಗುರುಪಾದಪ್ಪನವರು, ಮರುದಿನ ಇದನ್ನು ಕೇಳಿ. ನನಗೆ ಗಾಬರಿಯಾಯಿತು. ಅವರು ಪಾಲಿಸಿಯನ್ನು ತೆಗೆಸಿ, ಬೆನ್ನಿನ ಸಣ್ಣ ಅಕ್ಷರಗಳಲ್ಲಿ ಒಂದು ಷರತ್ತಿನ ಮೇಲೆ ಬೆರಳಿಟ್ಟರು. ಅಪಘಾತವಾದಾಗ ತಪ್ಪು ತನ್ನದೆಂದು ಮಾಲೀಕ ಯಾರ ಮುಂದೆಯೂ ಒಪ್ಪಿಕೊಳ್ಳಬಾರದು, ಏನನ್ನೂ ಕೊಡುತ್ತೇನೆಂದು ಮಾತು ಕೊಡಬಾರದು. ಅದೆಲ್ಲ ಕಂಪನಿಯ ಹಕ್ಕು. ಒಪ್ಪಿಕೊಂಡರೆ ಕಂಪನಿ ಕೈ ತೊಳೆದುಕೊಳ್ಳಬಹುದು. “ನೀವು ಬಾಯಿ ಬಿಡ್ಲಿಲ್ಲ ನೋಡ್ರಿ, ಅಲ್ಲೇ ಗೆದ್ರಿ,” ಎಂದರು. ಯಾರ ಮೇಲೆ ಗೆದ್ದೆನೆಂದು ಕೇಳಲಿಲ್ಲ.

ಹೋಗಲಿ, ವಿಮೆ ಎಷ್ಟರ ಮಟ್ಟಿಗೆ ಸಾಕಾಗುತ್ತದೆ ಎಂದೆ. ಆಗ ಇನ್ನೊಂದು ಗುಟ್ಟು ಹೊರಗೆ ಬಿತ್ತು. ರಸ್ತೆಯಲ್ಲಿ ಹೋಗುವ ಮನುಷ್ಯರ ಮೈಗೆ ಆಗುವ ಪೆಟ್ಟಿಗೆ ಮೂರೂ ಪಾಲಿಸಿಗಳು ಒಂದೇ. ನಾನು ಹೆಚ್ಚಿಗೆ ತೆತ್ತದ್ದೆಲ್ಲ ಕಂಬಕ್ಕೆ, ಗಾಡಿಗೆ, ಗಾಜಿನ ಬೀರುವಿಗೆ, ನನ್ನ ಕಾರಿನ ಬಣ್ಣಕ್ಕೆ. ಸಿದ್ದಮ್ಮನ ಮಣಿಕಟ್ಟಿಗೆ ಎಲ್ಲಕ್ಕಿಂತ ಅಗ್ಗದ ಪಾಲಿಸಿಯೇ ಸಾಕಾಗಿತ್ತು. ಊರೆಲ್ಲ ಸುತ್ತಿ ಲೆಕ್ಕ ಹಾಕಿದವನ ಕಣ್ಣಿಗೆ ಒಬ್ಬ ವ್ಯಾಪಾರಿಯನ್ನು ಬಿಟ್ಟರೆ ಮನುಷ್ಯರು ಬಿದ್ದೇ ಇರಲಿಲ್ಲವೆಂಬುದು ಆಗ ನೆನಪಾಗಿ ಸಣ್ಣಗಾದೆ.

ಕಂಪನಿಗೆ ಈಗ ಸಿದ್ದಮ್ಮನ ಹೇಳಿಕೆ ಬೇಕಾಗಿತ್ತು. ಗುರುಪಾದಪ್ಪನವರು ಎರಡು ಸಲ ಹರಿಹರಕ್ಕೆ ಹೋಗಿ ಬರಿಗೈಯಲ್ಲಿ ಬಂದರು. ಆಕೆಯ ಅಣ್ಣ ಹನುಮಂತಪ್ಪ ಬಾಗಿಲಲ್ಲೇ ನಿಲ್ಲಿಸಿ, “ಬಡಿದೋರು ಬಂದು ಮಾತಾಡ್ಸಿಲ್ಲ. ಅವ್ರು ಬಂದು ಕುಂತು ಮಾತಾಡ್ಲಿ. ಅಲ್ಲೀ ತನಕ ನಾವು ಯಾವ ಕಾಗ್ದಕ್ಕೂ ಕೈ ಹಾಕಂಗಿಲ್ಲ,” ಎಂದರಂತೆ. ನಮ್ಮ ಕಡೆ ಹೀಗೇ. ಪೆಟ್ಟಾದವರ ಮನೆಗೆ ಪೆಟ್ಟು ಮಾಡಿದವನು ಹೋಗಿ, ಕೂತು, ಮಾತಾಡಿಸಿ ಬರಬೇಕು. ಅದಾಗದೆ ಮುಂದಿನದು ಯಾವುದೂ ಇಲ್ಲ. ಕಂಪನಿಗೆ ನಾನು ಬಾಯಿ ಬಿಡಬಾರದು. ಅವರ ಮನೆಗೆ ನಾನು ಬಾಯಿ ಬಿಡಬೇಕು. ಇವೆರಡರ ನಡುವೆ ಸಿದ್ದಮ್ಮ ಕೈಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಮೂರು ವಾರದಿಂದ ಒಲೆಯ ಮುಂದೆ ಕೂರದೆ ಇದ್ದಳು. ಆಕೆಯ ಅನ್ನ ಇದ್ದದ್ದು ಆ ಮಣಿಕಟ್ಟಿನಲ್ಲಿ.

“ಬರ್ರಿ, ಹೋಗಿ ಬರಾಣ,” ಎಂದರು ಕಡೆಗೆ ಗುರುಪಾದಪ್ಪ. “ಕೂಡ್ರಿ, ಆರಾಮಾ ಅಂತ ಕೇಳ್ರಿ, ಹಣ್ಣು ಕೊಡ್ರಿ. ಆದ್ರ ತಪ್ಪು ಅನ್ನೋ ಮಾತು ಮಾತ್ರ ಬಾಯಾಗ ಬರಬಾರ್ದು.” ಹೋಗುವ ಎಂಟೊಂಬತ್ತು ಮೈಲಿ ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಿಟ್ಟು ಏನೇನು ಆಡಬಹುದೆಂದು ಯೋಚಿಸಿದೆ. ಮಳೆಯ ವಿಚಾರ ಆಡಬಹುದಿತ್ತು.

ಹನುಮಂತಪ್ಪನವರು ಕಂಬಳಿ ಹಾಸಿ ಕೂರಿಸಿದರು. ಗುರುಪಾದಪ್ಪ ಚೀಲದಿಂದ ಕಾಗದ, ಪೆನ್ನು ತೆಗೆದರು. ಸಿದ್ದಮ್ಮ ಒಳಬಾಗಿಲಲ್ಲಿ ಬಂದು ಕೂತಳು. ಆರಾಮಾ ಎಂದು ಕೇಳಿದೆ. ಆಕೆ ಕೂಡಲೇ, “ಏ, ಬಿಡ್ರಿ ಅಣ್ಣಾರ. ಇದ್ರಾಗ ನಿಮ್ದೇನೈತೆ? ತಪ್ಪು ನಂದೇ. ಕಾರು ನಿಂತಿದ್ದು ಕಂಡು ಕಂಡು ಅದರ ಹಿಂದ ನಾ ಯಾಕ ಬರಬೇಕಿತ್ತು?” ಎಂದಳು.

ಗುರುಪಾದಪ್ಪನವರ ಪೆನ್ನು ಓಡಿತು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಮಾತಾಡಿಸಲು ಬಂದವನ ತಲೆಯ ಮೇಲಿನ ಭಾರವನ್ನು ಮನೆಯವರು ಮೊದಲು ಇಳಿಸುತ್ತಾರೆ. ನೀವು ಅವರ ಗೋಡೆ ಕೆಡವಿ ಹೋಗಿ ಕೂತರೂ, ಗೋಡೆ ಹಳೆಯದಿತ್ತು ಬಿಡಿ ಎನ್ನುತ್ತಾರೆ. ಅದು ಮಾತಿನ ಅರ್ಧ. ಉಳಿದರ್ಧವನ್ನು ಬಂದವನು ಆಡಬೇಕು: ಛೆ ಛೆ, ಎಲ್ಲಾದರೂ ಉಂಟೇ, ತಪ್ಪು ನನ್ನದು, ಎಂದು. ಎರಡೂ ಸೇರಿದರೆ ಮಾತು ಮುಗಿಯುತ್ತದೆ, ಆಮೇಲೆ ನಿಜವಾದ ವಿಚಾರ ಶುರುವಾಗುತ್ತದೆ. ಆಕೆ ತನ್ನ ಪಾಲನ್ನು ಆಡಿ ನನ್ನ ಪಾಲಿಗೆ ಕಾಯುತ್ತಿದ್ದಳು. ಬೊಂಬಾಯಿಯಲ್ಲಿರುವ ಕಂಪನಿಯ ದೊಡ್ಡ ಆಫೀಸಿನಲ್ಲಿ ಇದನ್ನು ಓದುವವರಿಗೆ ಮಾತ್ರ ಅದು ಮರ್ಯಾದೆಯ ಮಾತಾಗಿ ಕಾಣುವುದಿಲ್ಲ. ಗಾಯಗೊಂಡವಳೇ ತಪ್ಪೊಪ್ಪಿಕೊಂಡಿದ್ದಾಳೆ, ಕೊಡುವುದೇನೂ ಇಲ್ಲ, ಕಡತ ಮುಚ್ಚಿ. ನಾನು ಸುಮ್ಮನೆ ಕೂತರೆ ಸಾಕು, ಷರತ್ತೂ ಉಳಿಯಿತು, ನಾನೂ ಉಳಿದೆ. ಆಕೆಗೆ ಮಾತ್ರ ಏನೂ ಇಲ್ಲ.

ಹನುಮಂತಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ನನ್ನ ಬಾಯಲ್ಲಿ ಆ ದಿನ ಎಲೆಯಡಿಕೆಯೂ ಇರಲಿಲ್ಲ.

“ಇಲ್ಲಮ್ಮ,” ಎಂದೆ. “ನಾ ಹಿಂದ ತಿರುಗಿ ನೋಡ್ಲಿಲ್ಲ. ಹಾರನ್ನೂ ಹೊಡೀಲಿಲ್ಲ. ಎಲೆಗೆ ಸುಣ್ಣ ಹಚ್ತಾ ಇದ್ದೆ. ತಪ್ಪು ನಂದು.”

ಪೆನ್ನು ನಿಂತಿತು. ಹನುಮಂತಪ್ಪನವರ ಮುಖ ಸಡಿಲಾಯಿತು. “ಆತು ಬಿಡ್ರಿ,” ಎಂದು ಎದ್ದು ಒಳಗಿನಿಂದ ಮಜ್ಜಿಗೆ ತರಿಸಿದರು. ಗುರುಪಾದಪ್ಪನವರು ತಮ್ಮ ಪಾಲಿನ ಮಜ್ಜಿಗೆಯನ್ನು ಔಷಧಿ ಕುಡಿದ ಹಾಗೆ ಕುಡಿದರು. ಮರಳಿ ಕಾರಿನಲ್ಲಿ ಹೊರಟೆವು. ಊರು ಹತ್ತಿರವಾದಾಗ, “ನಾ ಎರಡೂ ಬರದೀನ್ರಿ. ಒಂದು ಬರ್ದು ಒಂದು ಬಿಡಾಕ ನನಗ ಮನಸಾಗ್ಲಿಲ್ಲ,” ಎಂದರು. ಅವರೂ ನಮ್ಮ ಸೀಮೆಯವರೇ.

ಎರಡೂ ಹೇಳಿಕೆಗಳು, ಒಂದು ತಪ್ಪು ಸಿದ್ದಮ್ಮನದೆಂದು, ಇನ್ನೊಂದು ತಪ್ಪು ರುದ್ರಪ್ಪನದೆಂದು, ಆಫೀಸಿನ ಭಾಷೆಯಲ್ಲಿ ಟೈಪಾಗಿ, ಕೆಳಗೆ ಹೇಳಿದವರ ಹೆಸರು ಹೊತ್ತು ಬೊಂಬಾಯಿಗೆ ಹೋದವು. ಒಂದು ತಿಂಗಳ ಮೇಲೆ ಉತ್ತರ ಬಂತು. ವಾಹನದ ಮಾಲೀಕರು ತಪ್ಪು ತಮ್ಮದೆನ್ನುತ್ತಾರೆ, ಗಾಯಗೊಂಡವರೂ ತಪ್ಪು ತಮ್ಮದೆನ್ನುತ್ತಾರೆ, ಇಂಥದು ತಮ್ಮ ಆಫೀಸಿನ ಅನುಭವದಲ್ಲಿಲ್ಲ ಎಂದು ಅವರು ಬರೆದಿದ್ದರು. ಬಹುಶಃ ಟೈಪು ಮಾಡಿದವರು ಕೆಳಗಿನ ಹೆಸರುಗಳನ್ನು ಅದಲುಬದಲು ಮಾಡಿರಬೇಕು, ಪರಿಶೀಲಿಸಿ ತಿಳಿಸುವುದು ಎಂದೂ ಇತ್ತು.

ಗುರುಪಾದಪ್ಪನವರು ಆ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, ಕೋಟಿನ ಗುಂಡಿ ಬಿಚ್ಚಿ, ಮೊದಲ ಸಲ ನಕ್ಕರು. ಹೆಸರು ಬದಲಾಗಿದೆ ಎಂದು ಬರೆದರೆ ಎಲ್ಲವೂ ಸರಿಹೋಗುತ್ತಿತ್ತು. ಆಕೆ ನನ್ನ ಮೇಲೆ ತಪ್ಪು ಹೊರಿಸಿದ ಹಾಗಾಯಿತು, ಕಂಪನಿ ಕೊಡಲೇಬೇಕು. ನಾನು ಆಕೆಯ ಮೇಲೆ ಹೊರಿಸಿದ ಹಾಗಾಯಿತು, ಷರತ್ತು ಮುರಿಯಲಿಲ್ಲ. ಜಗತ್ತಿನಲ್ಲಿ ಎಲ್ಲರೂ ಮಾಡುವ ಹಾಗೆ ನಾವೂ ಒಬ್ಬರನ್ನೊಬ್ಬರು ದೂರಿಕೊಂಡಂತಾದರೆ ಕಡತ ಸಲೀಸಾಗಿ ಮುಂದೆ ಸರಿಯುತ್ತದೆ. “ಹೂಂ ಅಂದ್ಬಿಡಾಣೇನ್ರಿ?” ಎಂದರು.

ನಾನು ಸತ್ಯವಂತನಂತೆ ಪತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದೆ. ಆಮೇಲೆ ಹೂಂ ಎಂದೆ.

ಹಣ ಬಂತು, ಆಕೆಗೆ ಮುಟ್ಟಿತು. ತನ್ನ ಹೆಸರಿನಲ್ಲಿ ಅಂಥ ಮಾತು ಬೊಂಬಾಯಿಗೆ ಹೋಗಿದೆಯೆಂದು ಗೊತ್ತಾಗಿದ್ದರೆ ಆಕೆ ಅದನ್ನು ಮುಟ್ಟುತ್ತಿರಲಿಲ್ಲ. ನಾವು ಹೇಳಲಿಲ್ಲ. ಅಲ್ಲಿಯ ಯಾವುದೋ ಕಪಾಟಿನಲ್ಲಿ ನಾನು ಇಂದಿಗೂ, ರೊಟ್ಟಿ ಹೊತ್ತು ಬರುತ್ತಿದ್ದ ಹೆಂಗಸಿನದೇ ತಪ್ಪು ಎನ್ನುತ್ತಾ ಕೂತಿದ್ದೇನೆ. ಸಾಕಾಗುವಷ್ಟು ವಿಮೆ ಮಾಡಿಸುವುದೆಂದರೆ ಇದಕ್ಕೂ ತಯಾರಿರುವುದು ಎಂದು ಕಾಣುತ್ತದೆ. ಯಾವ ಪಾಲಿಸಿ ತೆಗೆದುಕೊಳ್ಳಲಿ ಎಂದು ಹೊಸ ಕಾರಿನವರು ಕೇಳಿದರೆ ನಾನು ದೊಡ್ಡದನ್ನೇ ಹೇಳುತ್ತೇನೆ, ಕಾಗದದ ಬೆನ್ನನ್ನು ತಿರುಗಿಸಿ ಓದಿಕೊಳ್ಳಿ ಎಂದೂ ಹೇಳುತ್ತೇನೆ. ಅವರು ಮೊದಲನೆಯದನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ.

ಸಿದ್ದಮ್ಮನ ಮಣಿಕಟ್ಟು ಕೂಡಿತು, ಆದರೆ ಸ್ವಲ್ಪ ಓರೆಯಾಗಿ ಕೂಡಿತು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಹರಿಹರಕ್ಕೆ ಹೋದಾಗಲೆಲ್ಲ ಅದೇ ಖಾನಾವಳಿಯಲ್ಲಿ ಉಣ್ಣುತ್ತೇನೆ. ಈಗ ಆ ರೊಟ್ಟಿಗಳು ಒಂದು ಕಡೆ ಹಾಳೆಯ ಹಾಗೆ ತೆಳ್ಳಗೆ, ಇನ್ನೊಂದು ಅಂಚಿನಲ್ಲಿ ದಪ್ಪ. ಪಕ್ಕದ ಎಲೆಯವರು ಕೆಲವರು ಆ ಅಂಚನ್ನು ಮುರಿದು ಬದಿಗಿಡುತ್ತಾರೆ. ನಾನು ಅದನ್ನು ಮೊದಲು ತಿನ್ನುತ್ತೇನೆ.